ಇಪ್ಪತ್ತು ಕಿಲೋ ಬೀಡು

ಚಕ್ಕು ಬಂದದ್ದು ಬಾಗಿಲು ಮುಚ್ಚಿದ ಸ್ಪಾಂಜ್ ಫ್ಯಾಕ್ಟರಿಯ ಹರಾಜಿನಿಂದ,
ಗೋಣಿಚೀಲದಲ್ಲಿ, ಹಳೇ ಗ್ರೀಸಿನ ವಾಸನೆ ಹೊತ್ತು.
ನಾಲ್ಕು ದವಡೆ, ಒಂದೂ ಮುಕ್ಕಾಗಿಲ್ಲ.
ಲೇತು ಅಪ್ಪನದು.
ಅದರ ಸ್ಪಿಂಡಲ್ಲಿಗೆ ಅವನ ಕಾಲದ ಥ್ರೆಡ್ಡು, ಇಂಚಿಗೆ ಆರು ಸುತ್ತು.
ಹದಿನೈದು ದಿನದಿಂದ ಎರಡೂ ಒಂದೇ ಶೆಡ್ಡಿನಲ್ಲಿವೆ
ಮಾತು ಬಿಟ್ಟ ಓರಗಿತ್ತಿಯರ ಹಾಗೆ.
ನಡುವೆ ಒಂದು ತಟ್ಟೆ ಬೇಕು.

ಯಾವುದರದು?

"ಉಕ್ಕು ಇರುವಾಗ ಚಿಂತೆ ಯಾಕಕ್ಕಾ" ಅಂದ ಎರ್ರಿಸ್ವಾಮಿ,
ತೋರಣಗಲ್ಲಿನ ಡ್ಯೂಟಿ ಬೂಟು ಇನ್ನೂ ಕಾಲಲ್ಲೇ ಇತ್ತು.
ದಪ್ಪ ಪ್ಲೇಟಿನ ತುಂಡು ತಂದಿದ್ದ, ಗ್ಯಾಸಲ್ಲಿ ಕೊಯ್ದದ್ದು,
ಅಂಚಿಗೆಲ್ಲ ಮೇಣದಂತೆ ಇಳಿದು ಹೆಪ್ಪುಗಟ್ಟಿದ ಹನಿ.
ಬಳ್ಳಾರಿಯಲ್ಲಿ ಕೂತು ಉಕ್ಕು ಬೇಡ ಅನ್ನುವುದು
ಬೀಗರ ಮನೆಯಲ್ಲಿ ಊಟ ಬೇಡ ಅಂದ ಹಾಗೆ.
ತಗೊಂಡೆ. ಗಾಳಿಗೆ ಬಡಿಯದಂತೆ ಬಾಗಿಲಿಗೆ ಆನಿಸಿಟ್ಟೆ.
ಉಕ್ಕಿಗೆ ಉಕ್ಕು ಬಿಗಿದರೆ ಒಂದು ದಿನ
ಕಚ್ಚಿಕೊಂಡುಬಿಡುತ್ತದೆ,
ಬಿಡಿಸ ಹೋದರೆ ಎರಡರ ಚರ್ಮವೂ ಕಿತ್ತು ಬರುತ್ತದೆ.

ಅಲ್ಯೂಮಿನಿಯಮ್ಮೂ ನೋಡಿದೆ. ಬೆಣ್ಣೆ.
ಟೂಲು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ,
ನಾಲ್ಕು ಸಲ ಬಿಚ್ಚಿ ಹಾಕಿದರೆ ಥ್ರೆಡ್ಡೂ
ಹೂಂ ಅಂದು ಸವೆದುಹೋಗುತ್ತದೆ.

ಕೌಲ್ ಬಜಾರಿನ ಶೇಕ್ಷಾವಲಿ ಚಾಚಾನ ಗುಜರಿಗೆ ಹೋದದ್ದು ಭಾನುವಾರ,
ಹನ್ನೊಂದಕ್ಕೇ ತಗಡು ಸುಡುತ್ತಿತ್ತು.
ಕಂಡದ್ದಕ್ಕೆಲ್ಲ ಸುತ್ತಿಗೆ ತಾಗಿಸುತ್ತಾ ಬಂದ.
ಲಾರಿಯ ಬ್ರೇಕ್ ಡ್ರಮ್ಮು, ನಡುವೆಲ್ಲ ಖಾಲಿ.
ಜಿಮ್ಮಿನ ತಟ್ಟೆ, ಮೇಲೆ ನೀಲಿ ಬಣ್ಣ,
ಒಳಗೆ ಎಲ್ಲಿ ಗಾಜಿನಂಥ ಗಂಟಿದೆಯೋ ಎರೆದವನಿಗೂ ಗೊತ್ತಿಲ್ಲ.
"ಟಣ್ ಅಂದರೆ ಉಕ್ಕು. ಧಪ್ ಅಂದರೆ ಬೀಡು.
ಬೀಡು ಜಾಸ್ತಿ ಮಾತಾಡಲ್ಲ ಬೇಟಿ, ಅದಕ್ಕೇ ನಡುಗೋದೂ ಕಮ್ಮಿ."

ಮೂಲೆಯಲ್ಲಿ, ಈರುಳ್ಳಿ ಮಂಡಿಯ ಮುರುಕು ತಕ್ಕಡಿಯ ಪಕ್ಕ
ಬೀಡು ಬಿಟ್ಟಿತ್ತು
ಆರು ಮೂಲೆಯ ಇಪ್ಪತ್ತು ಕಿಲೋ ತೂಕದ ಕಲ್ಲು.
ಕಬ್ಬಿಣವೇ ಆದರೂ ಹೆಸರು ಕಲ್ಲು.
ತಳದ ನಡುವೆ ಸೀಸ, ಸೀಸದ ಮೇಲೆ ಸರ್ಕಾರದ ಮುದ್ರೆ,
ಒಂದರ ಮೈಮೇಲೆ ಇನ್ನೊಂದು, ಇಸವಿ ಓದಲಾಗದಷ್ಟು.
ತೂಗುವುದನ್ನೇ ತೂಗಿದ ಚಾಚಾ:
ಹತ್ತೊಂಬತ್ತು ಕಿಲೋ ಆರುನೂರು.
ನಾಲ್ಕುನೂರು ಗ್ರಾಂ ಈರುಳ್ಳಿ
ಎಷ್ಟು ಅಡಿಗೆಮನೆ ಮುಟ್ಟದೆ ಉಳಿಯಿತೋ!
ಇಬ್ಬರೂ ನಕ್ಕೆವು. ಆಮೇಲೆ
"ಮೇಲೆ ಇಪ್ಪತ್ತು ಅಂತ ಬರೆದಿದೆಯಲ್ಲಾ" ಅಂದು
ಇಪ್ಪತ್ತರ ದುಡ್ಡೇ ತಗೊಂಡ.

ಬಳೆ ತೆಗೆದಿಟ್ಟೆ. ಜಡೆ ಸುತ್ತಿ ತುರುಬು ಬಿಗಿದೆ.
ಸುಸ್ತಾದ ಹಳೇ ಚಕ್ಕಿನ ಮೂರು ದವಡೆಗೆ
ಆರು ಮುಖದ ಕಲ್ಲು ಲೆಕ್ಕ ಹಾಕಿದಂತೆ ಕೂತಿತು.
ನಿಧಾನ, ಬ್ಯಾಕ್ ಗೇರಿನಲ್ಲಿ.
ಟಕ್ ಟಕ್ ಟಕ್
ಟಕ್ ಟಕ್ ಟಕ್
ಸುತ್ತಿಗೆ ಆರು ಪೆಟ್ಟು.
ಪಕ್ಕದ ಜೀನ್ಸ್ ಹೊಲಿಗೆಯ ತಿಪ್ಪಮ್ಮ ಇಣುಕಿ
"ಯಾರದೇ ಅದು ಬಾಗಿಲು ಬಡೀತಿರೋದು?" ಅಂದಳು.
ಯಾರೂ ಅಲ್ಲ, ಮೂಲೆಗಳು.
ಸುರುಳಿ ಬರಲಿಲ್ಲ, ಬರೀ ಪುಡಿ, ಕಾಡಿಗೆಯಂಥ ಪುಡಿ,
ಮೂಗಿಗೆ, ಅಂಗೈ ಗೆರೆಗೆ, ಚಹಾದ ಲೋಟಕ್ಕೆ.
ಮುಖದ ಮೇಲಿನ ಸೊನ್ನೆ ಮೊದಲು ಹೋಯಿತು,
ಎರಡು ಇನ್ನೊಂದು ಕಟ್ಟಿನವರೆಗೆ ನಿಂತಿತ್ತು.
ಯಾವಾಗಲೋ, ನಾನು ಗಮನಿಸದ ಒಂದು ಸುತ್ತಿನಲ್ಲಿ,
ಬಡಿತ ನಿಂತಿತು.

ಸೀಸ ಕಿತ್ತ ತೂತಿನಿಂದಲೇ ಬೋರು ಶುರು ಮಾಡಿದೆ.
ಥ್ರೆಡ್ಡು ಕೊರೆದು ಮುಗಿಸುವಷ್ಟರಲ್ಲಿ ಕರೆಂಟು ಎರಡು ಸಲ ಹೋಗಿ ಬಂತು.
ಸ್ಪಿಂಡಲ್ಲಿಗೆ ಕೈಯಲ್ಲೇ ಏರಿತು, ಕೊನೆಯ ಸುತ್ತಿಗೆ
ಒಮ್ಮೆ ತಡೆದು, ಕೂತಿತು.
ಅಲ್ಲಿಯೇ, ಆ ಲೇತಿನ ಮೇಲೆಯೇ ಅದರ ಮುಖ ಸಾಪು ಮಾಡಿ,
ಚಕ್ಕಿನ ಬೆನ್ನಿಗೆ ಬೋಲ್ಟು ಬಿಗಿದು ಡಯಲ್ ಹಿಡಿದರೆ
ಸೂಜಿ ಅರ್ಧ ಥೌ ಅಲ್ಲಾಡಿತು.

ಇನ್ನೊಂದು ಕಟ್ಟು ಕೊಡಬಹುದಿತ್ತು.
ಅಷ್ಟು ಅದಕ್ಕೇ ಇರಲಿ ಅಂತ ಬಿಟ್ಟೆ.
ಹೊರಗೆ ಜಡೆಪ್ಪ ಸೈಕಲ್ಲಿಗೆ ಪಂಪಿನ ಶಾಫ್ಟು ಕಟ್ಟಿಕೊಂಡು ನಿಂತಿದ್ದ,
ಇವತ್ತೇ ಆಗುತ್ತಾ ಅಂತ ಕೇಳುತ್ತಾ.